ಗ್ರಾಫ್ ಹಾಳಿಯ ಕೆರಿ

ಉದ್ದಕ ಹನ್ನೆರಡು ಮನಿ, ಅಡ್ಡಕ ಎಂಟು.
ಧಾರವಾಡದ ಈ ಮೂಲಿಯೊಳಗಿನ ನಮ್ಮ ಬಡಾವಣಿ ಕೆರಿನ್ನ
ತೊಂಬತ್ತಾರು ಚೌಕ ಮಾಡಿ ಇಟ್ಟೆ,
ಪೆನ್ಸಿಲ್ಲಿನಿಂದ, ರವಿವಾರ ಮುಂಜಾನೆ,
ಅವಲಕ್ಕಿ ಒಗ್ಗರಣಿ ವಾಸನಿ ಇನ್ನೂ ಕೈಗಿತ್ತು.

ಹಸರು ಅಂದ್ರ ಅಂತರಗಂಗಿ. ಕಂದು ಅಂದ್ರ ಆಪು.
ಚುಕ್ಕಿ ಇಟ್ಟಲ್ಲೆ ಪಾಚಿ. ಏನೂ ಇಲ್ಲದಲ್ಲೆ ನೀರು.
ಏನೂ ಇಲ್ಲದ್ದು ಒಟ್ಟು ಹನ್ನೊಂದು ಮನಿ.

ಇಪ್ಪತ್ತಾರು ವರ್ಷ ಏಳನೇತ್ತೆ ಹುಡುಗೂರಿಗೆ
ಇದನ್ನ ಲೆಕ್ಕಾ ಹೇಳಿಕೊಟ್ಟಾಕಿ ನಾ:
ದಿನಾ ಎರಡಪಟ್ಟಾಗೋ ಎಲಿ, ಕೆರಿ ತುಂಬಾಕ ಮೂವತ್ತು ದಿನ,
ಅರ್ಧಾ ತುಂಬಿದ್ದು ಯಾವತ್ತು?
ಉತ್ತರ ಹೇಳಿದವರಿಗೆ ಎರಡು ಮಾರ್ಕ್ಸು.
ಆ ಪುಸ್ತಕದ ಕೆರಿಗೆ ಗಟಾರ ಇರಲಿಲ್ಲ.

ಸಭಾ ಕೂತದ್ದು ಪಂಪ್‌ಹೌಸಿನ ಕಟ್ಟಿ ಮ್ಯಾಲೆ.
ಅಸುಂಡಿ ಡಾಕ್ಟರು ಔಷಧ ಹೊಡಸೂಣು ಅಂದ್ರು,
ಹುಳುಕು ಹಲ್ಲು ಬೇರಿಂದನ ತೆಗೀಬೇಕು ಅನ್ನೋ ಧಾಟಿಯೊಳಗ.
ಸತ್ತ ಎಲಿ ಎಲ್ಲಿ ಹೋಗತಾವ್ರಿ, ಅಂದೆ.
ತಳಕ್ಕ, ಅಂದ್ರು.
ತಳಕ್ಕ ಹೋಗಿ ಕೊಳತು, ಬರೋ ವರ್ಷದ ಎಲಿಗೆ ಗೊಬ್ಬರ.
ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.
ಹಂಪಿಹೊಳಿಯವರಿಗೆ ಬೋಟ್ ಬೇಕು, ಕಾರಂಜಿ ಬೇಕು,
ನೀರು ಕನ್ನಡಿ ಹಂಗ ಇರಬೇಕು, ಫ್ಲ್ಯಾಟಿನ ರೇಟು ಏರಬೇಕು.
ರಜಿಯಾ ಮುಲ್ಲಾ, ಹುಲ್ಲು ತಿನ್ನೋ ಮೀನಿನ ಬಗ್ಗೆ ಓದಿಕೊಂಡು ಬಂದಿದ್ಲು;
ಅವು ತಾವರಿನೂ ತಿಂತಾವಂತ, ಆ ಪುಟಾನೂ ಓದಿಬಿಟ್ಲು.

ನಾ ನನ್ನ ಹಾಳಿ ಬಿಚ್ಚಿದೆ:
ಸೋಮವಾರ ಎ ಒಂದರಿಂದ ಎ ಆರು,
ಮಂಗಳವಾರ ಉಳಿದ ಎ,
ಆಳು ನಾಕು, ದಿನಕ್ಕ ಎರಡು ಟ್ರಾಲಿ,
ಶ್ರಾವಣ ಮುಗಿಯೂದ್ರೊಳಗ ಎಲ್ಲಾ ಸ್ವಚ್ಛ.
ಚಪ್ಪಾಳಿ ಬಿತ್ತು. ಖರೇನ ಬಿತ್ತು.

ದುರಗಪ್ಪ ಬಾರಕೇರ ದೂರ ಕೂತಿದ್ದ,
ಲಾರಿ ಟ್ಯೂಬಿನ ಮ್ಯಾಲೆ ತೇಲಿ ಬಲಿ ಬೀಸಾಂವ,
ಯಾರೂ ಕರೀಲಾರದ ಬಂದಾಂವ.
ಹಾಳಿ ಇಸಗೊಂಡ, ಉಲ್ಟಾ ಹಿಡದ, ಮತ್ತ ಸರಿ ಹಿಡದ.
"ಅಕ್ಕೋರ, ಇದರಾಗ ಗಾಳಿ ಎಲ್ಲೈತ್ರಿ?"

ಗಾಳಿ.

"ನೀವು ಸೋಮವಾರ ತಗದ ಮನಿಗೆ
ಮಂಗಳವಾರ ತಾನ ಬಂದು ಕುಂದರತೈತ್ರಿ.
ಅದು ಊರಿದ್ದಲ್ಲ, ತೇಲೂದು.
ಆಷಾಢದಾಗ ಕೆಲಗೇರಿ ಕಡೆ ಗಾಳಿ ಬಿಟ್ರ
ಇಡೀ ಹಸರು ಮೂಡಣ ದಂಡಿಗೆ ಬಂದು ಒತ್ತತೈತಿ,
ಚಾಪಿ ಸುತ್ತಿಟ್ಟಂಗ.
ಅಲ್ಲಿ ನಿಂತು ಎಳೀರಿ. ಗಾಳಿಗೆ ಪಗಾರ ಇಲ್ಲ."

ಹಗ್ಗಕ್ಕ ಖಾಲಿ ಬಾಟ್ಲಿ ಪೋಣಿಸಿ ಅಡ್ಡ ಕಟ್ಟೂದು ಅಂತ ಆತು.
ಆಪು ಪೂರ್ತಿ ಕೀಳೂದು ಬ್ಯಾಡ, ಗಟಾರದ ಬಾಯಿಗೆ ಅದ ಸೋಸಣಿಗಿ.
ಆಮ್ಯಾಲೆ ಹಕ್ಕಿ ಮಾತು ಬಂತು:
ಉದ್ದ ಬೆರಳಿನ ದೇವನಕ್ಕಿ, ಎಲಿ ಮ್ಯಾಲೆ ನಾಕು ತತ್ತಿ,
ಡಿ ನಾಲ್ಕರೊಳಗ ಮೊನ್ನೆ ಕಂಡಿದ್ದೆ.
"ಡಿ ನಾಲ್ಕು ಬಿಡತಕ್ಕದ್ದು" ಅಂತ ಠರಾವು ಬರದೆ;
ಬರದು, ಹೊಡೆದು ಹಾಕಿದೆ. ಡಿ ನಾಲ್ಕೂ ತೇಲತದ.
"ಹಕ್ಕಿ ಎಲ್ಲಿರತದೋ ಅಲ್ಲೆ ಬಿಡತಕ್ಕದ್ದು."
ಹಿಂಗ ಬರದ್ರ ಆಡಿಟ್ ಆಗೂದಿಲ್ರಿ, ಅಂದ್ರು ಹಂಪಿಹೊಳಿ.

ಏಳೂ ಹೊತ್ತಿಗೆ ರಜಿಯಾ ಕೇಳಿದ್ಲು, ಒಟ್ಟು ಗಟಾರ ಎಷ್ಟು?
ಮೂರು, ಅಂದೆ. ಹಾಳಿಯೊಳಗ ಮೂರ ಇದ್ವು, ಕೆಂಪು ಬಾಣ.
ದುರಗಪ್ಪ ಬಾಯಿ ಬಿಡಲಿಲ್ಲ.
ನೀರೊಳಗ ನಿಂತಾಂವಗ ಗೊತ್ತಿರತದ
ಯಾವ ಮನಿ ಸಬಕಾರ ಯಾವುದು ಅಂತ.

ರಾತ್ರಿ, ಊಟ ಆದಮ್ಯಾಲೆ,
ನಮ್ಮ ಹಿತ್ತಲದಾಗ ವಾಶಿಂಗ್ ಮಷಿನ್ ಗುಡುಗುಡು ಅಂದು ನಿಂತು
ನೊರಿ ಕಕ್ಕೂ ಸಪ್ಪಳ ಕೇಳಿತು,
ಮಳಿನೀರಿನ ಗಟಾರಕ್ಕ, ಹನ್ನೊಂದು ವರ್ಷದಿಂದ.
ಮಲ್ಲಿಗಿ ವಾಸನಿ ಪುಡಿ. ನಾನ ಆರಿಸಿದ್ದು.

ಪೆನ್ಸಿಲ್ ಬಿಟ್ಟು ಪೆನ್ ತಗೊಂಡೆ.
ಎಚ್ ಒಂಬತ್ತು. ಸಣ್ಣ ಬಾಣ. ಬಾಜೂಕ ಮನಿ ನಂಬರು.
ಶಾಯಿ ಆರಲಿ ಅಂತ ಕಿಡಕಿ ತಗದೆ,
ಪಡುವಣ ಗಾಳಿ ಹಾಳಿ ಹಾರಿಸಿಕೊಂಡು
ಮೂಡಣ ಗ್ವಾಡಿಗೆ ಒತ್ತಿ ಹಿಡಿತು.