ಕಣ್ಣು ಹತ್ತಿತೇನು

ಚಿಟಗುಪ್ಪಾ ದಾರಿಯ ನರ್ಸರಿಯಲ್ಲಿ
ನಾನು ಮೊದಲ ಸಲ ಕಸಿ ಕಟ್ಟಿದ್ದು ನಲವತ್ತು ಬಾರಿ ಸಸಿ.
ಬೇರು ಬದುವಿನ ಮುಳ್ಳುಬಾರಿಯದು.
ಕಣ್ಣು, ಘಾಳೆಪ್ಪ ಕಾಕಾ ಒದ್ದೆ ಗೋಣಿತಾಟಿನಲ್ಲಿ ಸುತ್ತಿ
ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು
ಬಸವಕಲ್ಯಾಣದಿಂದ ತಂದದ್ದು.

'ಇಪ್ಪತ್ತು ದಿನ ಕೈ ಹಚ್ಚಬ್ಯಾಡ' ಅಂದಿದ್ದ.
ಹದಿನಾಲ್ಕಕ್ಕೇ ಒಂದು ಪಟ್ಟಿಯ ಗಂಟು ಬಿಚ್ಚಿದ್ದೆ.
ಬಿಚ್ಚಿ, ಏನೂ ತಿಳಿಯದೆ, ಮತ್ತೆ ಕಟ್ಟಿದ್ದೆ.
ಕಾಕಾ ಬೈಯಲಿಲ್ಲ.
'ಸತ್ತರ ಅದು ನಿನ್ನ ಲೆಕ್ಕದಾಗ ಝರೆಮ್ಮಾ' ಅಂದ, ಅಷ್ಟೆ.
ಆ ರಾತ್ರಿ ನನಗೆ ಕಣ್ಣು ಹತ್ತಲಿಲ್ಲ.

ಇಪ್ಪತ್ತೊಂದನೆಯ ಬೆಳಿಗ್ಗೆ ಎಣಿಸಲು ಕೂತೆವು.
ಎಲೆ ಕತ್ತರಿಸಿ ಉಳಿಸಿದ ತೊಟ್ಟು,
ಬೆಂಕಿಕಡ್ಡಿಯ ತುದಿಯಷ್ಟು.
ಗಟ್ಟಿಯಾಗಿ ಕಚ್ಚಿಕೊಂಡದ್ದನ್ನೆಲ್ಲ
ಬದುಕಿದೆ, ಬದುಕಿದೆ ಎಂದು ಎಣಿಸುತ್ತ ಹೋದೆ.
ಕಾಕಾ ನಕ್ಕ, ನಕ್ಕು ಕೆಮ್ಮಿದ.

'ಉಲ್ಟಾ ಅದ ಪೋರಿ. ಒಣಗಿ ಹಿಡಕೊಂಡದ್ದು ಸತ್ತದ.
ಜೀವ ಇದ್ದದ್ದೇ ತೊಟ್ಟು ಬಿಡ್ತದ.
ಬೆರಳು ತಾಕಿದ್ರ ಸಾಕು, ಉದುರಬೇಕು.'

ತಾಕಿದೆ. ಉದುರಿತು.
ಸಪ್ಪಳವಿಲ್ಲ, ಕೆಂಪು ಮಣ್ಣಿನ ಮೇಲೆ ಹಳದಿ ಚೂರು.

ಮೂರನೇ ಸಾಲಿನಲ್ಲಿ ಒಂದು ಬೆರಳುದ್ದ ಚಿಗುರು!
ಕೂಗಿಬಿಟ್ಟೆ.
ಕಾಕಾ ಬಗ್ಗಿ ನೋಡಿದ್ದು ಚಿಗುರನ್ನಲ್ಲ,
ಅದು ಹೊರಟ ಜಾಗವನ್ನು.
ಪಟ್ಟಿಯ ಕೆಳಗೆ.
ಮುಳ್ಳುಬಾರಿ ತನ್ನ ಮಾತೇ ಮುಂದುವರಿಸಿತ್ತು.
ಹೆಬ್ಬೆರಳಲ್ಲಿ ಚಿವುಟಿ ಎಸೆದ.
ಅಷ್ಟರೊಳಗೇ ಎರಡು ಮುಳ್ಳು ಮೂಡಿದ್ದವು, ಮೆತ್ತಗೆ,
ಇನ್ನೂ ಚುಚ್ಚಲು ಬಾರದವು.

ಮಾಲಕರ ವಹಿಯಲ್ಲಿ ಎರಡೇ ಮನೆ.
ಹತ್ತಿದ್ದು ಇಪ್ಪತ್ಮೂರು. ಸತ್ತದ್ದು ಹದಿನಾರು.
ಉಳಿದದ್ದು ನಾನು ಬಿಚ್ಚಿದ್ದು.
ತೊಟ್ಟು ಉದುರಲೊಲ್ಲದು, ಒಣಗಲೂ ಒಲ್ಲದು.
ಉಗುರಿನಿಂದ ತೊಗಟೆ ಗೀರಿದೆ.
'ಹಸಿರದ ಕಾಕಾ.'
'ಹಸಿರಿದ್ರ ಹತ್ತ್ಯಾದ ಅಂತಲ್ಲ.
ತವರಿಂದ ತಂದ ಬುತ್ತಿ ಉಣ್ಣಲತ್ತದ.
ಅದು ಮುಗಿದ ಮ್ಯಾಲ ಗೊತ್ತಾಗ್ತದ,
ಈ ಮನಿ ನೀರು ಕುಡೀತದೋ ಇಲ್ಲೋ.'

ಎರಡು ಮನೆಗಳ ನಡುವಿನ ಗೆರೆಯ ಮೇಲೇ
ಪೆನ್ಸಿಲ್ಲಿನಲ್ಲಿ ಒಂದು ಅಂತ ಬರೆದೆ.

ಮಧ್ಯಾಹ್ನ ಪಂಪಿನ ಕೋಣೆಯ ಗೋಡೆಗೊರಗಿ
ಕಾಕಾ ತಲೆ ವಾಲಿಸಿದ್ದ, ಕೈಯಲ್ಲಿ ಚಾಕು ಹಾಗೇ.
ಚಾಕು ಮಡಚಿಟ್ಟು
ಆ ಕುಂಡವನ್ನು ಅವನ ನೆರಳಿಗೆ ಸರಿಸಿದೆ.
ಕಾಕಾನಿಗೆ ಕಣ್ಣು ಹತ್ತಿತ್ತು.
ನಾನು ಎರಡೂ ಕೈ ಕಟ್ಟಿಕೊಂಡು
ದೂರ ಕೂತೆ.