ಒಲೆಯ ಬಾಯಿಯ ಅಳತೆ

ಚೀಲದಲ್ಲಿ ಒಂದು ಟೇಪು, ಒಂದು ಕೋನಮಾಪಕ,
ನಾಲ್ಕು ಹಳದಿ ಹಾಳೆ.
ಮೊದಲ ಹಾಳೆಯ ಮೂರನೆಯ ಪ್ರಶ್ನೆ:
ಗಾಯಾಳು ಹಿಂದಿನ ಕೆಲಸಕ್ಕೆ ಮರಳಬಲ್ಲನೆ?
ಹೌದು. ಇಲ್ಲ.
ಒಂದಕ್ಕೆ ಮಾತ್ರ ಗುರುತು ಹಾಕಿ.

ಮುರ್ಮಾನ್, ಕುತಾಯಿಸಿಯ ರೊಟ್ಟಿಗಾರ, ಐವತ್ತೊಂದು.
ಲಾರಿಯಿಂದ ಜಾರಿದ ಹಿಟ್ಟಿನ ಮೂಟೆಗಳು
ಸೊಂಟದ ಮೇಲೆಯೇ ಬಿದ್ದವು, ಏಳು.
"ಎಂಟನೆಯದು ಒಡೆಯಿತು.
ಸುತ್ತ ಬರೀ ಬಿಳಿ. ಸತ್ತೆ ಅಂದುಕೊಂಡೆ.
ಆಮೇಲೆ ಸೀನು ಬಂತು."

ಈಗ ಬೆನ್ನೊಳಗೆ ಆರು ತಿರುಪು, ಎರಡು ಸರಳು.
ಜೋತುಬಿದ್ದ ಎಡಪಾದವನ್ನು
ಪ್ಲಾಸ್ಟಿಕ್ ಪಟ್ಟಿಯೊಂದು ಎತ್ತಿ ಹಿಡಿದಿದೆ,
ಶಾಲೆಗೆ ಹೊರಡಲೊಲ್ಲದ ಮಗುವನ್ನು ಹಿಡಿದಂತೆ.

ತಗ್ಗಿ ಬಗ್ಗಿ ನಡೆ ಎನ್ನುತ್ತದೆ ಲೋಕ ಎಲ್ಲರಿಗೂ.
ಇವನಿಗೆ ಮಾತ್ರ ಡಾಕ್ಟರು ಬರೆದುಕೊಟ್ಟಿದ್ದಾರೆ:
ತಗ್ಗಬೇಡ, ಬಗ್ಗಬೇಡ.

ಆದರೆ ಇವನ ಕೆಲಸವೇ ಬಗ್ಗುವುದು.
ತೋನೆ ಅಂದರೆ ಮಣ್ಣಿನ ಬಾವಿ,
ತಳದಲ್ಲಿ ನೀರಿಲ್ಲ, ಕೆಂಡ.
ಸೊಂಟದವರೆಗೆ ಒಳಗೆ ಇಳಿದು,
ಉಸಿರು ಕಟ್ಟಿ, ಗೋಡೆಗೆ ಹಿಟ್ಟು ಬಡಿದು,
ಹುಬ್ಬು ಸೀಯುವ ಮೊದಲು ಹೊರಗೆ.
ದಿನಕ್ಕೆ ಆರುನೂರು ಸಲ. ಮೂವತ್ತು ವರ್ಷ.

ಕಚೇರಿಯವರು ಇದನ್ನು ಉಳಿಕೆ ಸಾಮರ್ಥ್ಯ ಅನ್ನುತ್ತಾರೆ.
ನಿನ್ನೆಯ ರೊಟ್ಟಿಗೆ ನಾವು ಹೇಳುವ ಮಾತು ಅದು, ಉಳಿಕೆ.

ಆಸ್ಪತ್ರೆಯ ಹಿತ್ತಲಿಂದ ಡಾಂಬರಿನ ಪೀಪಾಯಿ ತರಿಸಿದೆ.
ಉಜ್ಜಿ ತೊಳೆಸಿದೆ. ಹಿಟ್ಟಿನ ಬದಲು ಒದ್ದೆ ಬಟ್ಟೆ.
ಬೆನ್ನು ಮಡಿಸಬಾರದು, ಬಾಗಿಲಿನ ಹಾಗೆ
ತೊಡೆಸಂದಿನಲ್ಲಿ ಮಾತ್ರ ತೆರೆ, ಮುಚ್ಚು.
ಮೊದಲ ವಾರ ನಾಲ್ಕು ಬಟ್ಟೆ.
ಮೂರನೆಯ ವಾರ ಹನ್ನೊಂದು.
ಐದನೆಯ ವಾರ ಪೀಪಾಯಿಯನ್ನು ಒದ್ದ.
ಒದ್ದದ್ದು ಎಡಗಾಲಿನಲ್ಲಿ.
ಇಬ್ಬರೂ ಆ ಕಾಲನ್ನೇ ನೋಡುತ್ತ ನಿಂತೆವು.

"ಬೆಂಕಿ ಇಲ್ಲದೆ ಮೈಗೆ ಗೊತ್ತಾಗೋದಿಲ್ಲ,
ಯಾವಾಗ ಹೊರಗೆ ಬರಬೇಕು ಅಂತ," ಎಂದ.

ಹಾಗಾಗಿ ಬೆಳಗಿನ ಐದಕ್ಕೆ ಬೇಕರಿಗೆ ಹೋದೆ.
ಒಡತಿ ತ್ಸಿಸಾನಾ ಬಾಗಿಲಲ್ಲೇ ಹೇಳಿದಳು:
ಕಿಟಕಿಯ ಹತ್ತಿರ ಕೂತು ಚಿಲ್ಲರೆ ಎಣಿಸಲಿ,
ಸಂಬಳಕ್ಕೆ ಕತ್ತರಿ ಹಾಕುವುದಿಲ್ಲ.
ಒಳ್ಳೆಯ ಮಾತು. ಒಳ್ಳೆಯ ಹೆಂಗಸು.
ಮುರ್ಮಾನ್ ಗೋಡೆಯ ಕಡೆ ತಿರುಗಿದ.

ಅಳೆದೆ. ಬಾಯಿಯ ಎತ್ತರ, ಅಗಲ, ಆಳ.
ಒಲೆಯಲ್ಲಿ ಈಗ ಗೋಚಾ ಎಂಬ ಹುಡುಗ,
ಅವನ ರೊಟ್ಟಿಗಳ ಒಂದು ಕಿವಿ ಯಾವಾಗಲೂ ಕಪ್ಪು.
ಅವನು ಒಳಗೆ ಬಾಗಿದಾಗ ನೋಡಿದೆ:
ಬಲಗಾಲು ನೆಲದಲ್ಲಿ,
ಎಡಗಾಲು ಹಿಂದಕ್ಕೆ, ಗಾಳಿಯಲ್ಲಿ.
"ನೀನೂ ಹೀಗೆಯೇ?" ಕೇಳಿದೆ.
"ಮತ್ತೆ? ಬಾಲ ಇಲ್ಲದೆ ಬಾವಿಗೆ ಇಳೀತಾರಾ?"

ಅಂದರೆ ಮೂವತ್ತು ವರ್ಷ
ಆ ಕಾಲು ನಿಂತದ್ದೇ ಇಲ್ಲ, ತೂಗಿದೆ ಅಷ್ಟೆ.
ತೂಗುವುದಕ್ಕೆ ಪಾದ ಏಳಬೇಕೆಂದೇನಿಲ್ಲ.

ನಾನೂ ಒಮ್ಮೆ ಬಾಗಿದೆ, ಕೈಯಲ್ಲಿ ಹಿಟ್ಟು ಹಿಡಿದು.
ಅದು ಜಾರಿ ಕೆಂಡಕ್ಕೆ ಬಿತ್ತು.
ಎರಡು ದಿನ ತಲೆಗೂದಲಲ್ಲಿ ಸೀದ ವಾಸನೆ.
ಆಸ್ಪತ್ರೆಯ ಪೀಪಾಯಿಯ ಬಗ್ಗೆ ನಾಚಿಕೆಯಾಯಿತು.

ಹೌದು, ಇಲ್ಲಗಳ ನಡುವಿನ ಕಿರಿದಾದ ಬಿಳಿಯಲ್ಲಿ ಬರೆದೆ:
ಮೊದಲ ಒಲೆ ಮಾತ್ರ. ನಲವತ್ತು ರೊಟ್ಟಿ.
ನಿಲ್ಲಲು ಒಂದು ಗೇಣು ಎತ್ತರದ ಹಲಗೆ,
ಹಿಡಿಯಲು ಕಬ್ಬಿಣದ ಕಂಬಿ, ಎಡಬದಿಗೆ.
ಮೂಟೆ ಎತ್ತುವಂತಿಲ್ಲ.
ಆಮೇಲೆ ಗೋಚಾ ಬಡಿಯಲಿ, ಈತ ಬೈಯಲಿ.
ತಿಂಗಳಿಗೊಮ್ಮೆ ನಾನು ಬರುತ್ತೇನೆ.

ಹಾಳೆ ವಾಪಸು ಬಂತು: ಗುರುತು ಇಲ್ಲ, ಅಮಾನ್ಯ.
ಮತ್ತೆ ಕಳಿಸಿದೆ. ಮತ್ತೆ ಬಂತು.
ಅಷ್ಟರಲ್ಲಿ ಬಡಗಿ ಹಲಗೆ ಮಾಡಿ ಮುಗಿಸಿದ್ದ,
ತ್ಸಿಸಾನಾ ಅವನ ಕೂಲಿಯನ್ನೂ ಕೊಟ್ಟಾಗಿತ್ತು.

ಇವತ್ತು ಬೆಳಗ್ಗೆ ಕಿಟಕಿಯಲ್ಲಿ
ನನ್ನ ಕೈಗೊಂದು ರೊಟ್ಟಿ ಇಟ್ಟ, ಕಾಗದವೂ ಸುತ್ತದೆ.
"ನಲವತ್ತು ಅಂದಿದ್ದಿರಿ.
ನಲವತ್ತೊಂದು ಹಾಕಿದೆ."

ಬೈಯಬೇಕಿತ್ತು. ತಿರುಪುಗಳ ಮಾತು ನೆನಪಿಸಬೇಕಿತ್ತು.
ಬಾಯಿ ತುಂಬ ನಲವತ್ತೊಂದನೆಯದು ಇತ್ತು.