ಎರಡೂ ಕಡೆ

ಮತ್ತೀಕೆರೆ ಮೂರನೇ ಕ್ರಾಸಿನ ನನ್ನ ಜೆರಾಕ್ಸ್ ಅಂಗಡಿಯಲ್ಲಿ
ಯಂತ್ರದ ಪಕ್ಕಕ್ಕೆ ಎರಡಡಿ ಗಾಜಿನ ತೊಟ್ಟಿ.
ಕಾದು ನಿಂತವರ ಕಣ್ಣಿಗೂ ಕೆಲಸ ಬೇಕಲ್ಲ.

ಶಿವಾಜಿನಗರದ ಇನಾಯತ್ ಒದ್ದೆ ಪೇಪರಿನಲ್ಲಿ
ಸುತ್ತಿಕೊಟ್ಟ ಗಿಡ, ನಲವತ್ತು ರೂಪಾಯಿ.
ಹೆಸರು ಕೇಳಿದರೆ, "ಫಾರಿನ್ ಐಟಂ ಮೇಡಂ,
ಬೆಳೆದರೆ ನಿಮ್ಮದು, ಕೊಳೆತರೆ ನೀರಿಂದು."

ಕೊಳೆಯಿತು.
ದುಂಡೆಲೆಯೆಲ್ಲ ಗಂಜಿಯಾಗಿ ಫಿಲ್ಟರಿನ ಬಾಯಿಗೆ ಮೆತ್ತಿತು.
ಕಿತ್ತೆಸೆಯಲು ಕೈ ಇಳಿಸಿದರೆ
ಗೆಣ್ಣಿನಲ್ಲಿ ಬಿಳಿ ಬೇರು, ಹಸುಗೂಸಿನ ಹಲ್ಲಿನಂತೆ.
ಬಿಟ್ಟೆ.

ಆಮೇಲೆ ಬಂದದ್ದು ಬೇರೆಯೇ ಎಲೆ,
ಕತ್ತರಿಯಲ್ಲಿ ಕೊರೆದ ಹಾಗೆ ಸೀಳು ಸೀಳು.
ಕೊತ್ತಂಬರಿ, ಅಂದರು ಹಾಲಿನ ಬೂತಿನ ಚಿಕ್ಕೀರಮ್ಮ.
ಕ್ಯಾರೆಟ್ ಸೊಪ್ಪು, ಅಂದ ಕೊರಿಯರ್ ಹುಡುಗ.
ಬಾಡಿಗೆ ಕರಾರಿಗೆ ಬಂದವರೊಬ್ಬರು ಕನ್ನಡಕ ಮೇಲೆತ್ತಿ
ಸೇವಂತಿಗೆ, ನಮ್ಮ ತಾರಸಿಯಲ್ಲೂ ಇದೆ, ಅಂದರು.
ಎಲ್ಲರಿಗೂ ಹೂಂ ಅಂದೆ.
ಗಿರಾಕಿಯ ಹತ್ತಿರ ವಾದ ಗೆದ್ದು ಯಾರಿಗೆ ಲಾಭ?

ಬಾಟನಿ ರೆಕಾರ್ಡ್ ಬೈಂಡಿಂಗಿಗೆ ಬರುವ ಮುಬೀನಾ ಮಾತ್ರ
ಗಾಜಿಗೆ ಮೂಗೊತ್ತಿ ಎಣಿಸಿದಳು:
ಗೆಣ್ಣಿಗೆ ಎರಡೆಲೆ, ಎದುರುಬದುರು.
"ಹೂ ಬರದೆ ಹೇಳೋಕಾಗಲ್ಲ ಆಂಟಿ."
ನೀರೊಳಗೆ ಮುಳುಗಿದ್ದಕ್ಕೆ ಎಲ್ಲಿಯ ಹೂ?

ಮಾರ್ಚಿನಿಂದ ಕಾವೇರಿ ವಾರಕ್ಕೊಮ್ಮೆ, ಅದೂ ಅರ್ಧ ಗಂಟೆ.
ಟ್ಯಾಂಕರಿನದು ಹಾಕಿದರೆ ಗಾಜಿಗೆ ಸುಣ್ಣ, ಮೀನಿಗೆ ಸಂಕಟ.
ಹಾಕಲಿಲ್ಲ. ತೊಟ್ಟಿ ಬೆರಳು ಬೆರಳಾಗಿ ಇಳಿಯಿತು,
ಗಿಡ ತಲೆ ಹೊರಗಿಟ್ಟಿತು,
ಇಟ್ಟದ್ದೇ ಸೀಳು ಮರೆತು
ದುಂಡಗೆ, ಒರಟಾಗಿ, ಮೈತುಂಬ ರೋಮ.
ಅರೆ, ಇನಾಯತನ ಪೇಪರಿನಲ್ಲಿದ್ದದ್ದು ಇದೇ ಎಲೆ!
ಮೇ ತಿಂಗಳ ಒಂದು ಬೆಳಿಗ್ಗೆ, ಷಟರ್ ಎತ್ತುತ್ತಲೇ,
ಅದರ ಕಂಕುಳಲ್ಲಿ ತಿಳಿ ನೇರಳೆ ತುಟಿ,
ಬೈಯಲು ಬಾಯಿ ತೆರೆದು ಮರೆತ ಹಾಗೆ.

ಮುಬೀನಾ ಮಸೂರ ಹಿಡಿದು ಒಂದು ಲ್ಯಾಟಿನ್ ಹೆಸರು ಹೇಳಿದಳು.
ಎರಡು ಸಲ ಹೇಳಿಸಿದೆ. ನಿಲ್ಲಲಿಲ್ಲ.
ಅರ್ಥ? "ರೂಪ ಬೇರೆ ಬೇರೆ ಅಂತ. ಫಾರಿನ್ ಅಲ್ಲ ಆಂಟಿ,
ನಮ್ಮ ದೇಶದ್ದೇ, ಕೆಸರಲ್ಲಿ ಬೆಳೆಯೋದು."

ಹದಿನೆಂಟು ವರ್ಷದ ಕಸುಬು ಕಲಿಸಿದ್ದು ಇಷ್ಟು:
ಗುರುತಿನ ಚೀಟಿ ಅಂದರೆ ಎರಡೂ ಕಡೆ ಬೇಕು.
ನೀರಿನದೊಂದು ಎಲೆ, ಗಾಳಿಯದೊಂದು, ಚಿವುಟಿ
ಸೆರಗಿನಲ್ಲಿ ಒರೆಸಿ, ಗಾಜಿನ ಮೇಲಿಟ್ಟು ಮುಚ್ಚಿದೆ.
ಬೆಳಕು ಅಡಿಯಲ್ಲಿ ಹಾದುಹೋಯಿತು.
ಬಿಸಿ ಹಾಳೆಯಲ್ಲಿ ಎರಡು ಎಲೆ,
ಪಕ್ಕಕ್ಕೆ ಒರೆಸದೆ ಉಳಿದ ಹನಿಯ ಕಪ್ಪು ಉಂಗುರ.

"ಅಕ್ಕಾ, ಆಧಾರ್, ಎರಡು ಕಾಪಿ."
ಬಂದೆ, ತಾಳಪ್ಪ.